ಒಗೆಯುವ ಕಲ್ಲಿನ ಮೇಲೆ ಗಾಳ

ಖಾನಾಪುರ, ಮಲಪ್ರಭೆಯ ದಂಡೆ. ಪಾರ್ಶ್ವವಾಯು ಬಡಿದ ಮೇಲೆ ನಮ್ಮ ಯಜಮಾನರು ಗಾಳ ಮುಟ್ಟಿರಲಿಲ್ಲ. ಕೋಲೂರಿ ನಡೆಯುವಷ್ಟು ಶಕ್ತಿಯನ್ನು ಅಲ್ಲಾಹ ಮರಳಿ ಕೊಟ್ಟಿದ್ದಾನೆ. ಆದರೆ ನೀರಿಗಿಳಿಯಲು ಎಲ್ಲಿಯೂ ಜಾಗವಿಲ್ಲ, ದಂಡೆಯುದ್ದಕ್ಕೂ ಆಳೆತ್ತರದ ಮುಳ್ಳುಕಂಟಿ.

"ಭಾಭಿ, ಇವನ ಕಡೆ ಆಗೂದಲ್ಲ ಇದು. ಗಾಡಿ ತಿರುಗಸೂಣು. ಕ್ಯಾಂಪಿನ ಮಾರ್ಕೆಟ್ಟಿನ್ಯಾಗ ಬೇಕಾದಷ್ಟ ಮೀನ ಸಿಗತಾವ," ಎಂದರು ಜೊತೆಗೆ ಬಂದ ಅವರ ಗೆಳೆಯ ಸಲೀಂಭಾಯಿ.

"ಮೀನಕ್ಕ ಯಾರ ಬಂದಾರ್ರಿ?" ಎಂದೆ.

ಮುಂದೊಂದು ಪೊದೆಯ ಮೇಲೆ ಒಗೆದ ಸೀರೆಗಳನ್ನು ಹರವಿದ್ದರು. ಹೆಂಗಸರು ಬಟ್ಟೆ ಒಗೆಯುವಲ್ಲಿ ಇಳಿಯುವ ಹಾದಿ ಇರಲೇಬೇಕು. ಇತ್ತು, ಮೆಟ್ಟಿಲಿನಂತೆ ಕಲ್ಲುಗಳೂ ಇದ್ದವು.

ಅಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು ತಡೆದಳು. "ಇದು ಹೆಂಗಸರ ಜಾಗಾರೀ. ಗಂಡಸರು ಬರಂಗಿಲ್ಲ."

"ಇವರ ಕಾಲು ಬ್ಯಾರೆ ಕಡೆ ಇಳಿಯಂಗಿಲ್ಲ, ಆಯಿ. ನಾವು ತಿರುಗಿ ಹೋಗಂಗಿಲ್ಲ."

ಅಜ್ಜಿ ಕೋಲನ್ನು ನೋಡಿದಳು. "ಆ ಮ್ಯಾಲಿನ ಕಲ್ಲಿನ ಮ್ಯಾಲ ಕುಂದರ್ಲಿ, ಸಾಬೂನಿನ ನೀರು ಅಲ್ಲಿ ಬರಂಗಿಲ್ಲ. ಬೆನ್ನು ಮಾತ್ರ ನಮ್ಮ ಕಡೆ ಇರಲಿ."

ಎರೆಹುಳು ನಾನೇ ಚುಚ್ಚಿಕೊಟ್ಟೆ. ಯಜಮಾನರು ಎಡಗೈಯಿಂದ ಗಾಳ ಎಸೆದರು.

ದಂಡೆಯ ಮೇಲಿನಿಂದ ಸಲೀಂಭಾಯಿ ಕೂಗಿದರು. "ಭಾಭಿ, ನಾನೂ ಬರ್ಲೇನು?"

"ನಿಮ್ಮ ಕಾಲು ಗಟ್ಟಿ ಅದಾವಲ್ಲ," ಎಂದಳು ಅಜ್ಜಿ, ತಲೆ ಎತ್ತದೆ. "ಮುಳ್ಳಾಗ ಹಾದಿ ಮಾಡಕೊಳ್ರಿ."