ಕೊಡಲಿಕಳ್ಳರ ಮನೆ

ಆಗಸ್ಟ್ ಹದಿನೈದರ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಂದು ಹಳೆಯ ಕೊಡಲಿಯನ್ನು ತೊಳೆದು ಕುಂಕುಮ ಇಡುವುದನ್ನು ನೀವು ನೋಡಿದ್ದೀರಿ. ನಿಮ್ಮ ಮುತ್ತಾತ, ಅಂದರೆ ನನ್ನ ಮಾವ, ಸ್ವಾತಂತ್ರ್ಯಕ್ಕಾಗಿ ಈಚಲ ಮರ ಕಡಿದ ಕೊಡಲಿ ಇದು ಎಂದು ನಾನೇ ನಿಮಗೆ ಹೇಳಿದ್ದೆ. ಮರ ಕಡಿದರೆ ಸ್ವಾತಂತ್ರ್ಯ ಹೇಗೆ ಬರುತ್ತೆ ಅಜ್ಜಿ ಎಂದು ನಿಮ್ಮಲ್ಲಿ ಚಿಕ್ಕವಳು ಕೇಳಿದಾಗ ಮಾತು ಮರೆಸಿ ಒಳಗೆ ಹೋದೆ. ಈಗ ಉತ್ತರ ಬರೆಯುತ್ತಿದ್ದೇನೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು, ತಪ್ಪಿದ್ದರೆ ತಿದ್ದಿಕೊಳ್ಳಿ.

ಜಾವಗಲ್ ಕಡೆಯ ನಮ್ಮೂರಿನ ಹಳ್ಳದ ದಡದಲ್ಲಿ ಆಗ ಈಚಲ ಮರಗಳು ಒತ್ತಾಗಿದ್ದವಂತೆ. ಅವುಗಳಿಂದ ಹೆಂಡ ಇಳಿಸುತ್ತಿದ್ದರು. ಹೆಂಡದ ಗುತ್ತಿಗೆಯಿಂದ ಸರ್ಕಾರಕ್ಕೆ ಆದಾಯ. ನಮ್ಮದು ಮಹಾರಾಜರ ಸೀಮೆಯಾದರೂ ಅವರ ಮೇಲೆ ಬ್ರಿಟಿಷರಿದ್ದರು. ಆ ಆದಾಯ ನಿಲ್ಲಬೇಕು, ಜನ ಕುಡಿತ ಬಿಡಬೇಕು ಎಂದು ಚಳವಳಿಯವರು ಊರೂರಲ್ಲಿ ಈಚಲ ಮರ ಕಡಿದರು. ಪೊಲೀಸರು ಕಡಿದವರನ್ನು ಹಿಡಿದು ಜೈಲಿಗೆ ಹಾಕಿದರು. ಬಾವುಟದ ಹಿಂದೆ ಇಂಥ ಕೆಲಸಗಳೂ ಇವೆ. ಇಲ್ಲಿಯವರೆಗೆ ನಾನು ಹೇಳಿದ್ದು ನಿಜ.

ಮಾವ ಹಾಸಿಗೆ ಹಿಡಿದಾಗ ಅಂಬಲಿ ಕುಡಿಸುತ್ತಿದ್ದವಳು ನಾನು. ಒಂದು ಮಧ್ಯಾಹ್ನ ಲೋಟವನ್ನು ಪಕ್ಕಕ್ಕೆ ಸರಿಸಿ ಹೇಳಿದರು: "ಕೊಡ್ಲಿ ನಂದು ಕಣವ್ವ, ಕೈ ನಂದಲ್ಲ. ನಮ್ಮ ಆಳಿನ ಕೈಗೆ ಕೊಟ್ಟು, ನೀ ಸುರು ಮಾಡು ಬತ್ತೀನಿ ಅಂದೆ. ಪೊಲೀಸ್ನೋರು ಬಂದಾಗ ನಾನು ಹಗೇವಿನೊಳಗೆ ಕುಂತಿದ್ದೆ."

ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಇವರು ಅದರೊಳಗೆ ಕುಳಿತಿದ್ದಾಗ ಪೊಲೀಸರು ಆ ಆಳನ್ನು, ಕೊಡಲಿ ಯಾರದು ಎಂದು ಕೇಳಿದರು. ಒಡೆಯನ ಹೆಸರು ಬರಬಾರದೆಂದು ಅವನು, "ಕದ್ದು ತಂದೆ" ಎಂದ. ಅವನು ಹಾಸನದ ಜೈಲಿನಿಂದ ಬರುವ ಹೊತ್ತಿಗೆ ಅವನ ಮನೆಗೆ ಕೊಡಲಿಕಳ್ಳರ ಮನೆ ಎಂದು ಹೆಸರು ಬಿದ್ದಿತ್ತು. ಕೊಡಲಿ ಒಡೆಯನದೆಂದು ನಮ್ಮ ಮನೆಗೆ ಮರಳಿತು, ಮರ ಕಡಿದ ಹೆಸರು ಮಾವನಿಗೆ, ಕದ್ದ ಹೆಸರು ಅವನಿಗೆ ಉಳಿಯಿತು. ಊರಿಗೆ ಹೇಳು ಎಂದು ಮಾವ ಹೇಳಲಿಲ್ಲ, ಹೇಳಬೇಡ ಎಂದೂ ಹೇಳಲಿಲ್ಲ. ನಾನು ಸುಮ್ಮನಿದ್ದೆ. ಬರೀ ಸುಮ್ಮನಿದ್ದಿದ್ದರೂ ಆಗುತ್ತಿತ್ತು, ಆದರೆ ರಾಗಿ ಕೊಯ್ಲಿಗೆ ಆಳು ಕರೆಯುವಾಗ "ಕೊಡಲಿಕಳ್ಳರ ಮನೆಯವಳಿಗೂ ಹೇಳಿ" ಎಂದು ನನ್ನ ಬಾಯಿಂದಲೇ ಬರುತ್ತಿತ್ತು.

ಹೋದ ವರ್ಷ ಆಗಸ್ಟಿನಲ್ಲಿ ಶಾಲೆಯಲ್ಲಿ ಬಾವುಟ ಏರಿಸಿದ ಮೇಲೆ ಹೆಡ್‌ಮಾಸ್ಟರು ಮೈಕಿನಲ್ಲಿ ನನ್ನನ್ನು "ಹೋರಾಟಗಾರರ ಸೊಸೆ" ಎಂದು ಕರೆದು ಶಾಲು ಹೊದಿಸಿದರು. ಎರಡು ಮಾತು ಆಡಿ ಎಂದರು. ನಾನು ಕೈಮುಗಿದು ಕೆಳಗಿಳಿದೆ. ಎಷ್ಟು ಸಂಕೋಚದವರು ಎಂದು ಎಲ್ಲರೂ ಮೆಚ್ಚಿದರು.

ಬಿಸಿಯೂಟ ಮಾಡುವಾಕೆ ಕೇಸರಿಬಾತು ಹಂಚುತ್ತ ಬಂದಳು. ಜೈಲಿಗೆ ಹೋದ ಆಳಿನ ಮೊಮ್ಮಗಳು ಆಕೆ.

"ಶಾಲು ಸಂದಾಕೈತೆ ಅಮ್ಮಾರೆ. ಕೊಡ್ಲಿಗೂ ಒಂದು ಹೊದಿಸ್ಬೇಕಿತ್ತು," ಎಂದಳು.

ಪಕ್ಕದ ಕುರ್ಚಿಯ ಹೆಂಗಸು, "ಕೊಡ್ಲಿ ಸುದ್ದಿ ನೀನೆತ್ತಬ್ಯಾಡ ಕಣೇ, ಮತ್ತೆ ಕಳುವಾದಾತು!" ಎಂದಳು.

ಎಲ್ಲರೂ ನಕ್ಕರು. ಬಿಸಿಯೂಟದಾಕೆಯೂ ನಕ್ಕಳು. ನೀವೂ ನಕ್ಕಿರಿ. ನಾನೂ ನಕ್ಕೆ, ಮಕ್ಕಳೇ. ಅಲ್ಲೇ ಕೇಸರಿಬಾತು ತಿನ್ನುತ್ತಿದ್ದ ಬಿಸಿಯೂಟದಾಕೆಯ ಮಗಳು ಮಾತ್ರ ತಟ್ಟೆಯನ್ನು ನೆಲಕ್ಕಿಟ್ಟು ಗೇಟು ದಾಟಿ ಹೋದಳು.

ಮಾರನೆಯ ದಿನ ಕೊಡಲಿಯನ್ನು ಅದೇ ಶಾಲಿನಲ್ಲಿ ಸುತ್ತಿಕೊಂಡು ಶಾಲೆಯ ಅಡುಗೆಮನೆಗೆ ಹೋದೆ. ಬಿಸಿಯೂಟದಾಕೆಗೆ ಎಲ್ಲವನ್ನೂ ಹೇಳಿದೆ. ಆಕೆ ಅಕ್ಕಿ ಆರಿಸುತ್ತಲೇ ಕೇಳಿದಳು. ಕೊನೆಗೆ ಮೊರ ಕೆಳಗಿಟ್ಟಳು.

"ನಮ್ಮವ್ವ ಸಾಯೋಗಂಟ ಅವರಪ್ಪನ ಹೆಸರೆತ್ತಲಿಲ್ಲ ಅಮ್ಮಾರೆ. ಇದ್ನ ನನ್ನ ಕಿವೀಲಿ ಹೇಳಿದ್ರೆ ಏನ್ ಬಂತು?"

"ಕೊಡ್ಲಿನಾದ್ರೂ ಇಟ್ಕೊಳವ್ವ."

"ಇಟ್ಕಂಡ್ರೆ ಮತ್ತೆ ಕದ್ದೆ ಅಂತಾರೆ. ಎಲ್ಲರ ಮುಂದೆ ಕೊಡಿ."

ಜನವರಿಯಲ್ಲಿ ಬಾವುಟ ಹಾರಿಸಿದ ದಿನ ಜ್ವರವೆಂದು ಮನೆಯಲ್ಲೇ ಮಲಗಿದೆ. ಜ್ವರವಿರಲಿಲ್ಲ.

ಈ ಆಗಸ್ಟಿಗೆ ಮಾತಾಡುತ್ತೇನೆಂದು ಹೆಡ್‌ಮಾಸ್ಟರಿಗೆ ನಾನೇ ಹೋಗಿ ಹೇಳಿ ಬಂದಿದ್ದೇನೆ. ಆಕೆಗೂ ಮಗಳಿಗೂ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಬೇಕೆಂದೂ ಹೇಳಿದ್ದೇನೆ. ಕೊಡಲಿಗೆ ಈ ಸಲ ಕುಂಕುಮ ಇಡುವುದಿಲ್ಲ. ಇಡುವುದೋ ಬಿಡುವುದೋ ಇನ್ನು ಆ ಮನೆಯವರಿಗೆ ಬಿಟ್ಟದ್ದು. ಮೈಕಿನ ಮುಂದೆ ನನ್ನ ದನಿ ಹೊರಡದಿದ್ದರೆ ನೀವು ಎದ್ದು ಬಂದು ಈ ಹಾಳೆಯನ್ನು ಓದಿ. ಪೂರ್ತಿ ಓದಲಾಗದಿದ್ದರೆ ಬೇಡ, ಇದೊಂದನ್ನು ಗಟ್ಟಿಯಾಗಿ ಓದಿ: ಕೊಡಲಿಯನ್ನು ಯಾರೂ ಕದಿಯಲಿಲ್ಲ, ನಮ್ಮ ಮುತ್ತಾತನೇ ಕೊಟ್ಟು ತಾನು ಅಡಗಿ ಕುಳಿತ.