ಸ್ಕೋರರ್ ಅಕ್ಕನ ಕಿಟಕಿ

ವಾರದ ಆರು ದಿನ ಆಕೆ ನಟ್ಟು ಬೋಲ್ಟಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಗಿರಾಕಿ ತಂದ ತುಕ್ಕು ಹಿಡಿದ ಬೋಲ್ಟನ್ನು ಬೆರಳ ನಡುವೆ ಒಮ್ಮೆ ಹೊರಳಿಸಿದರೆ ಸಾಕು, ಅಳತೆ ಹೇಳಿಬಿಡುವಳು. ಸ್ಕೇಲು ಹಿಡಿಯುತ್ತಿದ್ದವನು ಮಾಲೀಕ, ಅದೂ ಒಂದು ಸಲವಾದರೂ ಆಕೆಯ ಮಾತು ಸುಳ್ಳಾದೀತೇನೋ ಎಂಬ ಆಸೆಯಿಂದ.

ಭಾನುವಾರ ಮಾತ್ರ ಆಕೆ ಕ್ರಿಕೆಟ್ ಮೈದಾನದ ಸ್ಕೋರರ್. ಅಣ್ಣ ಆಡುತ್ತಿದ್ದ ಕಾಲದಲ್ಲಿ ಸ್ಕೋರ್ ಬರೆಯುವವನು ಒಂದು ದಿನ ಕೈಕೊಟ್ಟಿದ್ದ. ಆಟ ನೋಡಲು ಬಂದಿದ್ದ ಹದಿನಾರರ ಹುಡುಗಿಯ ಕೈಗೆ ಪುಸ್ತಕ ತುರುಕಿದ್ದರು. ಆಮೇಲೆ ಅಣ್ಣನ ಮಂಡಿ ಸವೆಯಿತು, ಆಟ ನಿಂತಿತು. ತಂಗಿಯ ಪೆನ್ನು ನಿಲ್ಲಲಿಲ್ಲ. ಇಪ್ಪತ್ತೆರಡು ವರ್ಷ! ಬೌಲರಿಗೊಂದು ಬಣ್ಣದ ಪೆನ್ನು, ಎಸೆತಕ್ಕೊಂದು ಗುರುತು, ಪುಸ್ತಕದಲ್ಲಿ ತಪ್ಪಿಗೆ ಗೆರೆ ಎಳೆದ ಒಂದೇ ಒಂದು ಕಾಟು ಇಲ್ಲ. ತನಗಿಂತ ಹಿರಿಯರಿಗೂ ಆಕೆ 'ಸ್ಕೋರರ್ ಅಕ್ಕ'.

ಆ ವರ್ಷ ಹೊಸ ಟೂರ್ನಿ ಶುರುವಾಯಿತು. ಇಪ್ಪತ್ತು ಓವರಿನ ಆಟ, ಆರು ತಂಡ, ಆರು ಮಾಲೀಕರು. ದಿನಾ ಪಂದ್ಯ ಇದ್ದುದರಿಂದ ಅಕ್ಕ ಅಂಗಡಿಗೆ ರಜೆ ಹಾಕಿದಳು. ಆಟಗಾರರನ್ನು ಹರಾಜಿನಲ್ಲಿ ಕೊಂಡರು. ನಿನ್ನೆಯವರೆಗೆ ಸೈಕಲ್ಲಿನಲ್ಲಿ ಬರುತ್ತಿದ್ದ ಬೌಲರ್ ಈಗ ಬಣ್ಣದ ಬಸ್ಸಿನಿಂದ ಕಪ್ಪು ಕನ್ನಡಕ ಹಾಕಿಕೊಂಡು ಇಳಿದ. ಅವತ್ತು ಮೋಡ ಕವಿದಿತ್ತು.

ಟೂರ್ನಿಯ ಮ್ಯಾನೇಜರ್ ಎಂಥ ಸೆಕೆಯಲ್ಲೂ ಕೋಟು ಬಿಚ್ಚದ ಮನುಷ್ಯ. ಹಾಗಾಗಿ ಆತನಿಗೆ 'ಕೋಟು' ಎಂದೇ ಹೆಸರಾಯಿತು. ಬಂದವನೇ ಸ್ಕೋರರ್ ಕೋಣೆಯ ಕಿಟಕಿಗೆ ಅಡ್ಡಲಾಗಿ ಹಾಸಿಗೆ ಕಂಪನಿಯೊಂದರ ದೊಡ್ಡ ಫ್ಲೆಕ್ಸ್ ಬೋರ್ಡು ಕಟ್ಟಿಸಿದ. ಚಿತ್ರದಲ್ಲಿ ದಪ್ಪ ಮೀಸೆಯವನೊಬ್ಬ ಸುಖವಾಗಿ ಮಲಗಿದ್ದ. ಕೋಣೆಯೊಳಗೆ ಒಂದು ಟಿವಿ ಬಂತು.

"ಮೈದಾನನೇ ಕಾಣಲ್ವಲ್ಲ ಸಾರ್," ಎಂದಳು ಅಕ್ಕ.

"ಟಿವಿ ಇದೆಯಲ್ಲಮ್ಮಾ. ಎಸಿ ಬೇರೆ ಹಾಕಿಸಿದೀನಿ. ಊರೆಲ್ಲ ಟಿವಿಲೇ ನೋಡುತ್ತೆ, ನಿಮ್ಮದೇನು ವಿಶೇಷ?"

"ಊರು ನೋಡುತ್ತೆ, ಬರೆಯಲ್ಲ. ಅಂಪೈರ್ ಸನ್ನೆ ಮಾಡಿದ್ರೆ ನಾವು ಕೈ ಎತ್ತಿ ಒಪ್ಕೋಬೇಕು. ಅದಾದ್ಮೇಲೇ ಮುಂದಿನ ಬಾಲು."

"ಕಾಯಬೇಡಿ ಅಂತ ಅಂಪೈರ್‌ಗೆ ಹೇಳಿದೀನಿ. ಸ್ಕೋರಿಗೆ ಕಂಪ್ಯೂಟರ್ ಇದೆ. ನಿಯಮದಲ್ಲಿದೆ ಅಂತ ನಿಮ್ಮ ಪುಸ್ತಕ ಇಟ್ಕೊಂಡಿದೀವಿ, ಅಷ್ಟೇ."

ಜೊತೆಯ ಸ್ಕೋರರ್, ನಿವೃತ್ತ ಪೋಸ್ಟ್‌ಮಾಸ್ಟರು, ಆಗಲೇ ಕುರ್ಚಿಯನ್ನು ಎಸಿಯ ಕೆಳಗೆ ಎಳೆದುಕೊಂಡಿದ್ದರು. "ತಂಪಾಗಿದೆ, ಬಿಡಮ್ಮಾ," ಎಂದರು.

ಮೊದಲ ಪಂದ್ಯದ ಹನ್ನೆರಡನೇ ಓವರಿನಲ್ಲಿ ಬ್ಯಾಟ್ಸ್‌ಮನ್ ಒಂದು ರನ್ ಓಡಿದ. ಟಿವಿಯವರು ತಕ್ಷಣ ತಂಡದ ಮಾಲೀಕರ ನಗುಮುಖ ತೋರಿಸತೊಡಗಿದರು. ಆ ನಗು ಬೇಗ ಮುಗಿಯುವಂಥದ್ದಲ್ಲ. ಅಕ್ಕ ಬ್ಯಾಟ್ಸ್‌ಮನ್ ಹೆಸರಿಗೆ ಒಂದು ರನ್ ಬರೆದಳು, ಪೋಸ್ಟ್‌ಮಾಸ್ಟರೂ ಬರೆದರು. ಬಿಡುವಿನಲ್ಲಿ ಅಂಪೈರ್ ಬಂದು ಪುಸ್ತಕ ನೋಡಿದರು. ಅವರು ಶಾಲೆಯ ಡ್ರಿಲ್ ಮೇಷ್ಟ್ರು.

"ಅಕ್ಕ, ನನ್ನ ಲೆಗ್‌ಬೈ ಎಲ್ಲಿ?"

ಚೆಂಡು ಬಡಿದದ್ದು ಬ್ಯಾಟಿಗಲ್ಲ, ಕಾಲಿಗೆ. ಅದು ಬ್ಯಾಟ್ಸ್‌ಮನ್ ಹೆಸರಿಗೆ ಸೇರದ ರನ್. ಮೇಷ್ಟ್ರು ಮಂಡಿ ಎತ್ತಿ ತಟ್ಟಿ ತೋರಿಸಿದ್ದರು. ಆಗ ಟಿವಿಯಲ್ಲಿ ಮಾಲೀಕರು ಇನ್ನೂ ನಗುತ್ತಿದ್ದರು. ಅಕ್ಕ ಪೆನ್ನು ತೆಗೆದು ಆ ಅಂಕೆಯ ಮೇಲೆ ಗೆರೆ ಎಳೆದಳು. ಗೆರೆ ಚಿಕ್ಕದೇ. ಆದರೆ ಉಳಿದ ಪಂದ್ಯದುದ್ದಕ್ಕೂ ಆಕೆಯ ಕಣ್ಣಿಗೆ ಆ ಪುಟದಲ್ಲಿ ಅದೊಂದೇ ಕಂಡಿತು.

ಮನೆಯಲ್ಲಿ ಗಂಡ ತಟ್ಟೆ ಮುಂದಿಟ್ಟ. "ಯಾಕೇ ಮುಖ ಹಿಂಗಿದೆ? ಸೊನ್ನೆಗೆ ಔಟಾದ್ಯಾ?"

"ಕಾಟು ಹೊಡೆದೆ."

ಆತ ನಗಲಿಲ್ಲ. ಹದಿನೈದು ವರ್ಷದ ಸಂಸಾರದಲ್ಲಿ ಯಾವುದಕ್ಕೆ ನಗಬಾರದು ಎಂಬಷ್ಟನ್ನು ಕಲಿತಿದ್ದ. "ಗಲಾಟೆ ಮಾಡಿದ್ರೆ ತೆಗೆದುಹಾಕ್ತಾರೆ ಕಣೇ. ಆಮೇಲೆ ಭಾನುವಾರದ ಮ್ಯಾಚಿಗೂ ಕರೆಯಲ್ಲ."

"ತೆಗೀಲಿ. ಕಾಣದೇ ಇರೋದನ್ನ ಬರೆಯೋಕೆ ನಾನ್ಯಾಕೆ ಬೇಕು?"

ಮರುದಿನ ಟಾಸಿಗೆ ಮೊದಲೇ ಆಕೆ ಮೇಷ್ಟ್ರನ್ನು ಅಡ್ಡಹಾಕಿದಳು. "ನಿಯಮ ಏನು ಹೇಳುತ್ತೆ ಮೇಷ್ಟ್ರೇ?"

"ಸ್ಕೋರರ್ ಒಪ್ಪೋವರೆಗೆ ಬಾಲ್ ಹಾಕಿಸಬಾರದು."

"ನಿನ್ನೆ ಹಾಕಿಸಿದ್ರಿ."

ಮೇಷ್ಟ್ರು ಸರಿಯಾಗಿಯೇ ಇದ್ದ ಟೋಪಿಯನ್ನು ಮತ್ತೆ ಸರಿಮಾಡಿಕೊಂಡರು. "ತಪ್ಪಾಯ್ತಕ್ಕ. ಕೋಟು ಹೇಳ್ತು, ಕೇಳಿದೆ. ಇವತ್ತು ಕೇಳಲ್ಲ."

ಆ ಮಧ್ಯಾಹ್ನ ಮೊದಲ ಓವರಿನ ಮೂರನೇ ಬಾಲೇ ಬೌಂಡರಿಗೆ ಹೋಯಿತು. ಮೇಷ್ಟ್ರು ಸ್ಕೋರರ್ ಕೋಣೆಯ ಕಡೆ ತಿರುಗಿ ಕೈ ಬೀಸಿದರು. ಬೋರ್ಡಿನ ಮೀಸೆಯವನು ಮಲಗೇ ಇದ್ದ. ಮತ್ತೆ ಬೀಸಿದರು. ಬೌಲರ್ ಓಡಲು ಬಂದರೆ ಅಡ್ಡಗೈ ಚಾಚಿ ತಡೆದರು, ಪುನಃ ಬೀಸಿದರು. ಮೈದಾನವೇ ನಿಂತುಹೋಯಿತು.

"ಮೇಷ್ಟ್ರೇ, ಸೊಳ್ಳೆ ಓಡಿಸ್ತಿದೀರಾ?" ಗ್ಯಾಲರಿಯಿಂದ ಯಾರೋ ಕೂಗಿದರು.

ಒಳಗೆ ಪೋಸ್ಟ್‌ಮಾಸ್ಟರು ಚಡಪಡಿಸಿದರು. "ಟಿವಿಲಿ ಕಾಣ್ತಲ್ಲಮ್ಮಾ. ಕೈ ಎತ್ತಿಬಿಡು."

"ಎತ್ತಿದ್ರೆ ಯಾರಿಗೆ ಕಾಣುತ್ತೆ ಸಾರ್? ಈ ಎಸಿಗಾ?"

ಕೋಟು ಏದುಸಿರು ಬಿಡುತ್ತ ನುಗ್ಗಿದ. "ನೇರ ಪ್ರಸಾರ ಕಣ್ರೀ! ಏನು ಬೇಕು ನಿಮಗೆ?"

"ಕಿಟಕಿ."

"ನಾಳೆಯಿಂದ ನೀವು ಬರಲೇಬೇಡಿ!"

"ನಾಳೆದು ನಾಳೆ ಸಾರ್. ಇವತ್ತಿನ ಪುಸ್ತಕ ನನ್ನ ಕೈಲಿದೆ. ಮೂರನೇ ಬಾಲ್ ಇನ್ನೂ ಬರೆದಿಲ್ಲ."

ಹೊರಗೆ ಜನ ಒಂದೇ ತಾಳದಲ್ಲಿ ಚಪ್ಪಾಳೆ ತಟ್ಟತೊಡಗಿದರು. ಟಿವಿಯಲ್ಲಿ ಮಾತಾಡುವವರು ಮಾತು ಮುಗಿದು, ಹುಲ್ಲಿನ ಹಸಿರನ್ನು ಎರಡನೇ ಸಲ ಹೊಗಳುತ್ತಿದ್ದರು. ಬೋರ್ಡು ಇಳಿಸಲು ನಾಲ್ಕು ಆಳು, ಅರ್ಧ ಗಂಟೆ ಬೇಕು. ಕೋಟಿನ ಹತ್ತಿರ ಅರ್ಧ ನಿಮಿಷವೂ ಇರಲಿಲ್ಲ.

"ಫ್ಲೆಕ್ಸ್ ತಾನೇ," ಎಂದು ಅಕ್ಕ ಪೆನ್ಸಿಲ್ ಹೆರೆಯುವ ಬ್ಲೇಡನ್ನು ಚಾಚಿದಳು.

ಆತ ಹಲ್ಲು ಕಚ್ಚಿಕೊಂಡು ಕಿಟಕಿ ತೆಗೆದು, ಒಳಗಿನಿಂದಲೇ ಪರಪರ ಕೊಯ್ದ. ಹಿಂಬದಿಯಿಂದ ಚಿತ್ರ ಕಾಣುವುದಿಲ್ಲವಲ್ಲ. ತೂತು ಬಿದ್ದದ್ದು ನೇರವಾಗಿ ಮೀಸೆಯ ಕೆಳಗೆ, ಬಾಯಿ ಇದ್ದ ಜಾಗದಲ್ಲಿ. ಅಕ್ಕ ಅದರಲ್ಲಿ ಇಣುಕಿದಳು, ಮೇಷ್ಟ್ರು ಕೈ ಬೀಸುವುದನ್ನು ಕಣ್ಣಾರೆ ಕಂಡಳು, ನಾಲ್ಕು ಎಂದು ಬರೆದಳು. ಆಮೇಲೆ, ಏನೂ ಅವಸರವಿಲ್ಲದವಳಂತೆ, ಕೈ ಹೊರಗೆ ಚಾಚಿದಳು.

ಮಲಗಿದವನ ಬಾಯಿಂದ ಹೆಂಗಸಿನ ಕೈ ಬಂದದ್ದು ಕಂಡು ಗ್ಯಾಲರಿ ಹುಚ್ಚೆದ್ದು ಕೂಗಿತು. ಅಲ್ಲಿಂದ ಮುಂದೆ ಬೌಂಡರಿ, ವೈಡ್, ನೋಬಾಲ್ ಯಾವುದಾದರೂ ಸರಿ, ಜನ ಮೊದಲು ನೋಡುತ್ತಿದ್ದದ್ದು ಆ ಕೈಯನ್ನು. ಕ್ಯಾಮೆರಾದವನೂ ಜನರ ಜೊತೆ ಅತ್ತಲೇ ತಿರುಗುತ್ತಿದ್ದ. ಪಂದ್ಯ ಮುಗಿಯುವ ಹೊತ್ತಿಗೆ ಹಾಸಿಗೆ ಕಂಪನಿಯ ಹೆಸರು ಟಿವಿಯಲ್ಲಿ ಐವತ್ತು ಸಲ ಬಂದಿತ್ತು. ಅವರು ದುಡ್ಡು ಕೊಟ್ಟದ್ದು ಹತ್ತು ಸಲಕ್ಕೆ.

ಪಂದ್ಯ ಮುಗಿದ ಕೂಡಲೇ ಕಂಪನಿಯ ಮನುಷ್ಯ ಕೋಣೆಗೆ ಬಂದ. ಬೈಗುಳಕ್ಕೆ ತಯಾರಾಗಿ ನಿಂತಿದ್ದ ಕೋಟಿನ ಬೆನ್ನು ತಟ್ಟಿ, "ಭಾರಿ ಐಡಿಯಾ ಮಾಡಿದ್ರಿ," ಎಂದ. ಕೋಟು ಬೇಡ ಎನ್ನದೆ ತಟ್ಟಿಸಿಕೊಂಡ. "ಅಕ್ಕನ್ನ ಬಿಡಬೇಡಿ. ನಾಳೆ ಹೊಸ ಬೋರ್ಡು ತರಿಸ್ತೀವಿ, ತೂತು ನಾವೇ ಮಾಡಿರ್ತೀವಿ," ಎಂದವನು ಆಕೆಯ ಮುಂದೆ ಕಂಪನಿಯ ಗುರುತಿದ್ದ ಕೆಂಪು ಕೈಚೀಲವೊಂದನ್ನು ಇಟ್ಟ. "ಅಕ್ಕಾ, ಅದರಲ್ಲಿ ಗ್ಲೌಸ್ ಇದೆ. ನಾಳೆಯಿಂದ ಹಾಕ್ಕೊಂಡು ಕೈ ಎತ್ತಿ."

"ಬೇಡ ಸಾರ್. ನನ್ನ ಕೈ ಜಾಹೀರಾತಿಗಿಲ್ಲ. ಅದು ಅಂಪೈರ್‌ಗೆ."

"ನಾವೇನು ಪುಕ್ಕಟೆ ಕೇಳ್ತಿಲ್ವಲ್ಲ..."

"ಗೊತ್ತು. ತೂತು ಇನ್ನೂ ಅಗಲ ಇರಲಿ. ಮೈದಾನದ ಬಲಗಡೆ ಮೂಲೆ ಕಾಣ್ತಿಲ್ಲ." ಆಕೆ ಎರಡೂ ತೋಳು ಚಾಚಿ ಅಳತೆ ತೋರಿಸಿದಳು.

"ಅಷ್ಟಗಲಾನಾ? ಮೀಸೆನೇ ಹೋಗುತ್ತಲ್ಲಕ್ಕಾ!"

"ಹೋಗ್ಲಿ ಬಿಡಿ. ಮಲಗಿರೋನಿಗೆ ಮೀಸೆ ಯಾಕೆ?"