ಪಾತ್ರೆ ಅಂಗಡಿಯ ಸುಮಂಗಲಾ ಮತ್ತು ಫೋನಿನೊಳಗಿನ ಮ್ಯೂಸಿಯಂ

ಮರಾಠಿ ಸೀಮೆಯ ಖಡಕಿ ಬಜಾರಿನಲ್ಲಿ ಸುಮಂಗಲಾಳ ಬಾಂಡೆ ಅಂಗಡಿ ಗೊತ್ತಿಲ್ಲದ ಹೆಂಗಸರು ಕಡಿಮೆ. ಸ್ಟೀಲು, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳು ಮೆಟ್ಟಿಲ ತನಕ ಹರಡಿಕೊಂಡ ಸಣ್ಣ ಅಂಗಡಿ ಅದು. ಜಮಖಂಡಿಯಿಂದ ಬಂದ ಮಾವ ತೆರೆದದ್ದು, ಅವನ ನಂತರ ಸೊಸೆಯ ಕೈಗೆ ಬಂತು. ಗಂಡ ಶಿವಪ್ರಕಾಶ ಅಲ್ಲೇ ಹತ್ತಿರದ ಮದ್ದುಗುಂಡಿನ ಕಾರ್ಖಾನೆಯಲ್ಲಿ ಗುಮಾಸ್ತ. ಅವನಿಗೆ ಗಿರಾಕಿಗಳೊಂದಿಗೆ ಮಾತಾಡುವುದೆಂದರೆ ಬೆವರು ಬರುತ್ತಿತ್ತು. ಸುಮಂಗಲಾಳಿಗೆ ಮಾತೇ ಬಂಡವಾಳ. ಊರಿನ ಹೆಂಗಸರ ಜೊತೆ ಮರಾಠಿ, ದಂಡಿನ ಸಿಪಾಯಿಗಳ ಮನೆಯವರ ಜೊತೆ ಹಿಂದಿ, ಅಂಗಡಿ ಮುಚ್ಚಿ ಮನೆಗೆ ಬಂದ ಮೇಲೆ ಗಂಡನ ಜೊತೆ ಕನ್ನಡ. ಒಂದು ಚಮಚ ಕೊಳ್ಳಲು ಬಂದವಳು ಅವಳ ಮಾತು ಕೇಳುತ್ತಾ ಅನ್ನ ಬೇಯಿಸುವ ಡಬರಿಯನ್ನೂ ಹಿಡಿದುಕೊಂಡು ಹೋಗುತ್ತಿದ್ದಳು.

ಒಂದು ಮುಂಜಾನೆ ಗಿರಾಕಿಯೊಬ್ಬಳು ಕುಕ್ಕರಿನ ರಬ್ಬರ್ ರಿಂಗ್ ಕೇಳಿದಳು. ಯಾವ ಅಳತೆಯ ರಿಂಗು ಎಂದು ಕೇಳಲು ಹೋದ ಸುಮಂಗಲಾಳ ಬಾಯಿಂದ ‘ಶನಿವಾರ’ ಎಂಬ ಮಾತು ಬಂತು. ಗಿರಾಕಿ ನಕ್ಕಳು. ಸುಮಂಗಲಾ ಮತ್ತೆ ಹೇಳಲು ನೋಡಿದಳು, ಮತ್ತೆ ಅದೇ ಬಂತು. ಅವಳ ಬಲಗೈ ಗಲ್ಲಾಪೆಟ್ಟಿಗೆಯ ಮೇಲಿಂದ ಜಾರಿ ಜೋಲಾಡಿದ್ದನ್ನು ಕಂಡು ಗಿರಾಕಿಯೇ ಓಡಿ ಪಕ್ಕದ ಅಂಗಡಿಯವರನ್ನು ಕರೆದಳು. ಲಕ್ವ ಹೊಡೆದಿತ್ತು. ಬೇಗ ಆಸ್ಪತ್ರೆ ಸೇರಿದ್ದರಿಂದ ಜೀವಕ್ಕೆ ಅಪಾಯವಾಗಲಿಲ್ಲ. ಕೈ ಸ್ವಲ್ಪ ಸ್ವಲ್ಪವೇ ಸರಿಹೋಯಿತು. ಮಾತು ಮಾತ್ರ ಸರಿಹೋಗಲಿಲ್ಲ. ಬೇರೆಯವರು ಆಡಿದ್ದು ತಿಳಿಯುತ್ತಿತ್ತು, ಹೇಳಬೇಕಾದದ್ದೂ ಮನಸ್ಸಿನಲ್ಲಿ ಇರುತ್ತಿತ್ತು. ಆದರೆ ವಸ್ತುವಿನ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ. ನೀರು ಬೇಕಾದಾಗ ಗೋಡೆಯನ್ನೋ ಕಿಟಕಿಯನ್ನೋ ಕೇಳಿಬಿಡುತ್ತಿದ್ದಳು. ಕೇಳಿದ್ದು ತಪ್ಪು ಎಂದು ಅವಳಿಗೇ ಗೊತ್ತಾಗುತ್ತಿತ್ತು. ಅದಕ್ಕೇ ಕೇಳುವುದನ್ನೇ ನಿಲ್ಲಿಸಿದಳು.

ಮಾತಿನ ಚಿಕಿತ್ಸೆಗೆ ನೀತಾ ಎಂಬ ಮರಾಠಿ ಹುಡುಗಿ ಮನೆಗೆ ಬರತೊಡಗಿದಳು. ಒಳ್ಳೆಯ ಹುಡುಗಿ, ತಾಳ್ಮೆ ಬಹಳ. ಸೇಬು, ಬಾತುಕೋಳಿ, ಛತ್ರಿಗಳ ಚಿತ್ರವಿದ್ದ ರಟ್ಟಿನ ಚೀಟಿಗಳನ್ನು ಒಂದೊಂದಾಗಿ ಮುಂದೆ ಹಿಡಿಯುತ್ತಿದ್ದಳು. ಸುಮಂಗಲಾ ಸೇಬನ್ನು ನೋಡಿ ಮುಖ ತಿರುಗಿಸಿದಳು, ಬಾತುಕೋಳಿ ಬಂದಾಗ ಚೀಟಿಯನ್ನೇ ದೂಡಿದಳು. ಬಾಲವಾಡಿಯ ಮಗುವಿಗೆ ತೋರಿಸುವಂಥದ್ದನ್ನು ತನಗೆ ತೋರಿಸುತ್ತಾರಲ್ಲ ಎಂಬ ಸಂಕಟ ಅವಳದು. ನೋಡಲು ಬಂದ ಸಂಬಂಧಿಕರೂ ಹಾಗೇ ಮಾಡುತ್ತಿದ್ದರು. ಚಿಕ್ಕತ್ತೆ ಅವ್ವಮ್ಮ ಕಿವುಡರೊಂದಿಗೆ ಮಾತಾಡುವಂತೆ ದನಿ ಎತ್ತರಿಸಿ, ನಾ ಯಾರು ಹೇಳು ನೋಡೋಣ ಎಂದು ಕೇಳಿದಾಗ ಸುಮಂಗಲಾ ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆಮೇಲೆ ಯಾರು ಬಂದರೂ ಹೊರಗೆ ಬರಲಿಲ್ಲ.

ಶಿವಪ್ರಕಾಶನಿಗೆ ಏನು ಮಾಡಬೇಕೋ ತೋಚುತ್ತಿರಲಿಲ್ಲ. ಮದುವೆಯಾದಾಗಿನಿಂದ ಮನೆಯ ಮಾತನ್ನೆಲ್ಲ ಹೆಂಡತಿಯೇ ಆಡಿದ್ದಳು. ಈಗ ಅವಳು ಸುಮ್ಮನಾದ ಮೇಲೆ ಮನೆಯಲ್ಲಿ ಮಿಕ್ಸಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ರಜೆ ಹಾಕಿ ಅವಳ ಪಕ್ಕದಲ್ಲಿ ಕೂತು, ಬೇರೇನೂ ಹೊಳೆಯದೆ ಫೋನಿನಲ್ಲಿ ತನ್ನ ಆಟ ಆಡುತ್ತಿದ್ದ.

ಅದು ಊರು ಕಟ್ಟುವ ಆಟ. ಬಯಲಿನಲ್ಲಿ ಮನೆ, ಹೊಲ, ಬೇಕರಿ, ರೈಲು ನಿಲ್ದಾಣ ಎಲ್ಲವನ್ನೂ ಕಟ್ಟುತ್ತಾ ಹೋಗಬೇಕು. ಊರ ಅಂಚಿನ ಗಣಿಯನ್ನು ಅಗೆದರೆ ಆಗೊಮ್ಮೆ ಈಗೊಮ್ಮೆ ಹಳೆಯ ಕಾಲದ ವಸ್ತು ಸಿಗುತ್ತದೆ. ಈಜಿಪ್ಟಿನವು, ಗ್ರೀಕರವು, ಕಡಲುಗಳ್ಳರವು ಎಂದು ಒಂದೊಂದು ಕಾಲದ ವಸ್ತುಗಳು ಒಂದೊಂದು ಗುಂಪು. ಗುಂಪು ಪೂರ್ತಿಯಾದರೆ ಊರಿನ ಮ್ಯೂಸಿಯಂನಲ್ಲಿ ಅದಕ್ಕೊಂದು ಕಪಾಟು. ಒಂದೇ ವಸ್ತು ಎರಡು ಸಲ ಸಿಕ್ಕರೆ ತಂಡದ ಬೇರೆ ಆಟಗಾರರಿಗೆ ಕೊಟ್ಟು ತನಗಿಲ್ಲದ್ದನ್ನು ಪಡೆಯಬಹುದು. ಮೊದಲೆಲ್ಲ ಇದನ್ನು ಕಂಡರೆ ಸುಮಂಗಲಾಳಿಗೆ ಸಿಟ್ಟು. ಖರೇ ಬಾಂಡೆ ಒರೆಸಲು ಕೈ ಬರದವನು ಸುಳ್ಳು ಬಾಂಡೆ ಕೂಡಿಸುತ್ತಾನೆ ಎಂದು ಗಿರಾಕಿಗಳೆದುರೇ ಹಂಗಿಸುತ್ತಿದ್ದಳು.

ಆ ದಿನ ಗಣಿಯಲ್ಲಿ ರೋಮನ್ನರ ಮಣ್ಣಿನ ದೀಪವೊಂದು ಸಿಕ್ಕಿತು. ಪರದೆಯ ಮೇಲೆ ಅದು ದೊಡ್ಡದಾಗಿ ತಿರುಗುತ್ತಿರುವಾಗ ಸುಮಂಗಲಾ ಕತ್ತು ಚಾಚಿ ನೋಡಿದಳು.

“ಪಣತಿ” ಎಂದಳು.

ಶಿವಪ್ರಕಾಶನಿಗೆ, ಹೊಗಳಿದರೆ ಎಲ್ಲಿ ಮತ್ತೆ ಗೋಡೆಯ ಕಡೆ ತಿರುಗುತ್ತಾಳೋ ಎಂಬ ಹೆದರಿಕೆ. ಹೌದು ಎಂದಷ್ಟೇ ಹೇಳಿ, ಮ್ಯೂಸಿಯಂ ತೆರೆದು ಗ್ರೀಕರ ಕಪಾಟನ್ನು ತೋರಿಸಿದ. ಅಲ್ಲಿ ಎರಡು ಹಿಡಿಕೆಯ ಎತ್ತರದ ಹೂಜಿಯೊಂದಿತ್ತು. ಅದರ ಬುಡ ಗಜ್ಜರಿಯ ತುದಿಯಂತೆ ಚೂಪು. ಸುಮಂಗಲಾ ಫೋನನ್ನು ಅವನ ಕೈಯಿಂದ ತೆಗೆದುಕೊಂಡು ಅತ್ತಿತ್ತ ತಿರುಗಿಸಿ ನೋಡಿದಳು. ಹುಬ್ಬು ಗಂಟಿಕ್ಕಿತು. ಮಾತು ತಡವರಿಸುತ್ತಾ ಬಂದರೂ ಪೂರ್ತಿಯಾಗಿ ಬಂತು.

“ಇದು ನಿಲ್ಲಂಗಿಲ್ಲ. ಕೆಳಗ... ಚೂಪ ಅದ. ಯಾರ ತಗೋತಾರ ಇದನ್ನ?”

ಶಿವಪ್ರಕಾಶನಿಗೆ ನಗು ತಡೆಯಲಾಗಲಿಲ್ಲ. ಸಾವಿರಾರು ವರ್ಷದ ಹಿಂದಿನ ಹೂಜಿಯನ್ನೂ ತನ್ನ ಅಂಗಡಿಯ ಮಾಲಿನಂತೆ ತಿರುಗಿಸಿ ನೋಡಿ ಬೇಡವೆಂದಿದ್ದಳು. ಅವನು ನಗುವುದನ್ನು ಕಂಡು ಅವಳೂ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಮುಂದಿನ ಸಲ ನೀತಾ ಬಂದಾಗ ಶಿವಪ್ರಕಾಶ ನಾಚುತ್ತಲೇ ಫೋನು ಮುಂದಿಟ್ಟ. ನೀತಾ ಚೀಟಿಗಳ ಕಟ್ಟನ್ನು ಚೀಲಕ್ಕೆ ಹಾಕಿಬಿಟ್ಟಳು. ಒಂದಕ್ಕೊಂದು ಸಂಬಂಧವಿಲ್ಲದ ಹೆಸರುಗಳಿಗಿಂತ ಒಂದೇ ಗುಂಪಿನ ಹೆಸರುಗಳು ಕೆಲವರಿಗೆ ಬೇಗ ಸಿಗುತ್ತವೆ, ಅದರಲ್ಲೂ ಇವರು ಜೀವನವಿಡೀ ಕೈಯಲ್ಲಿ ಹಿಡಿದ ವಸ್ತುಗಳಾದರೆ ಇನ್ನೂ ಒಳ್ಳೆಯದು ಎಂದಳು. ಅಂದಿನಿಂದ ಪಾಠ ಮ್ಯೂಸಿಯಂನಲ್ಲೇ ನಡೆಯಿತು. ಬಟ್ಟಲು ಕನ್ನಡದಲ್ಲಿ ಬಂತು, ಬೀಗದ ಕೈ ಮರಾಠಿಯಲ್ಲಿ ಬಂತು. ಯಾವ ಭಾಷೆಯಲ್ಲಿ ಬಂದರೂ ತಿದ್ದಬೇಡಿ ಎಂದು ನೀತಾ ಹೇಳಿದ್ದಳು. ಕೆಲವು ದಿನ ಏನೂ ಬರುತ್ತಿರಲಿಲ್ಲ. ಅಂಥ ದಿನ ಸುಮಂಗಲಾ ಫೋನನ್ನು ದಿಂಬಿನ ಕೆಳಗೆ ತುರುಕುತ್ತಿದ್ದಳು, ಮರುದಿನ ತಾನೇ ಹೊರಗೆ ತೆಗೆಯುತ್ತಿದ್ದಳು.

ರಜೆ ಮುಗಿದು ಶಿವಪ್ರಕಾಶ ಕೆಲಸಕ್ಕೆ ಹೋಗಲೇಬೇಕಾಯಿತು. ಹಳೆಯ ಫೋನೊಂದರಲ್ಲಿ ತನ್ನ ಆಟವನ್ನೇ ಹಾಕಿಕೊಟ್ಟು, ಕನ್ನಡದವರೇ ಇದ್ದ ತಂಡದ ವಾಟ್ಸ್ಯಾಪ್ ಗುಂಪಿಗೂ ಅವಳನ್ನು ಸೇರಿಸಿ ಹೋದ. ಆ ಮಧ್ಯಾಹ್ನ ಉತ್ತರದ ಕಡಲಿನ ನಾವಿಕರ ಗುಂಪಿಗೆ ಅವಳಿಗೆ ಒಂದೇ ವಸ್ತು ಬಾಕಿ ಇತ್ತು: ಎಲುಬಿನಲ್ಲಿ ಕೆತ್ತಿದ ಹಣಿಗೆ. ಅವಳಿಗಿನ್ನೂ ಬರೆಯಲು ಆಗುತ್ತಿರಲಿಲ್ಲ, ಅಕ್ಷರಗಳು ಕಲೆಸಿಹೋಗುತ್ತಿದ್ದವು. ಗಂಡನಿಗಾಗಿ ಕಾಯಬಹುದಿತ್ತು. ಕಾಯದೆ ಗುಂಪಿನಲ್ಲಿ ದನಿ ಕಳಿಸುವ ಗುಂಡಿ ಒತ್ತಿದಳು. ಮಾತಾಡಿ ಅಳಿಸಿದಳು. ಮತ್ತೆ ಮಾತಾಡಿದಳು. ಹಣಿಗೆ ಎಂಬ ಹೆಸರು ಎಷ್ಟು ಹುಡುಕಿದರೂ ಸಿಗಲಿಲ್ಲ.

“ನನಗ... ಅದು ಬೇಕಾಗೇದ. ತಲಿ... ತಲಿ ಬಾಚೂದು.”

ಕಳಿಸಿ ಫೋನನ್ನು ಬೋರಲು ಹಾಕಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ರೋಹಿತನದು, ಹಿಂದೆ ಯಂತ್ರಗಳ ಗದ್ದಲ.

“ಹಣಿಗಿ ಏನ್ರಿ ಅಕ್ಕಾರ? ನನ್ನ ಕಡೆ ಎರಡ ಅದಾವ, ಒಂದ ಕಳಸ್ತೀನಿ. ನಿಮ್ಮ ಕಡೆ ಹಡಗದ ಗಂಟಿ ಇದ್ರ ಕೊಡ್ರಿ.”

ಅವನು ಅಯ್ಯೋ ಅನ್ನಲಿಲ್ಲ, ದನಿ ಎತ್ತರಿಸಲಿಲ್ಲ. ಗಂಟೆ ಕೇಳಿದ, ಅಷ್ಟೇ. ಸುಮಂಗಲಾ ಗಂಟೆಯನ್ನು ಕಳಿಸಿ, “ಹಣಿಗಿ, ಹಣಿಗಿ” ಎಂದು ಹೇಳಿಕೊಳ್ಳುತ್ತಾ ಅಡುಗೆಮನೆಗೆ ಹೋಗಿ ಚಹಾಕ್ಕಿಟ್ಟಳು. ಸಂಜೆ ಬಂದ ಗಂಡನಿಗೆ ಪೂರ್ತಿಯಾದ ಕಪಾಟನ್ನು ತೋರಿಸಿದಳು. ಆಮೇಲೆ ಗುಂಪಿನಲ್ಲಿ ದಿನವೂ ಅವಳ ದನಿ ಕೇಳಿಸತೊಡಗಿತು. ಯಾರಿಗೆ ಏನು ಬೇಕು, ಯಾರ ಹತ್ತಿರ ಏನು ಹೆಚ್ಚಾಗಿದೆ ಎಂಬುದು ಅವಳಿಗೆ ಬಾಯಿಪಾಠ. ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಅವಳಿಗೆ ಹೊಸದಲ್ಲವಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ, ಮುಚ್ಚಿದ್ದ ಅಂಗಡಿಯನ್ನು ಮತ್ತೆ ತೆಗೆಯುತ್ತೇನೆಂದಳು. ಶಿವಪ್ರಕಾಶ ಹೆದರಿದ. ಜನ ನಕ್ಕರೆ ಎಂದು ಕೇಳಿದ. ನಗಲಿ ಎಂದಳು. ತೆಗೆದ ದಿನ ಮೊದಲು ಮಾಡಿದ ಕೆಲಸ, ಮಾವನ ಕಾಲದಿಂದ ಅಳತೆಯ ಪ್ರಕಾರ ಜೋಡಿಸಿದ್ದ ಸಾಮಾನನ್ನೆಲ್ಲ ಕೆಳಗಿಳಿಸಿದ್ದು. ಚಹಾದ ಪಾತ್ರೆ, ಸೋಸುವ ಜಾಳಿಗೆ, ಕಪ್ಪು-ಬಸಿ, ಇಕ್ಕಳ ಎಲ್ಲ ಒಂದು ಹಲಗೆಗೆ. ಹಾಲು ಮೊಸರಿನ ಸಾಮಾನು ಒಂದು ಕಡೆ, ಪೂಜೆಯದು ಇನ್ನೊಂದು ಕಡೆ, ರೊಟ್ಟಿ ಮಾಡುವುದಕ್ಕೆ ಬೇಕಾದ್ದೆಲ್ಲ ಬಾಗಿಲ ಬದಿಗೆ. ಹೀಗಿಟ್ಟರೆ ಒಂದರ ಹೆಸರು ಸಿಗದಿದ್ದರೂ ಪಕ್ಕದ್ದು ಅದನ್ನು ನೆನಪಿಗೆ ತರುತ್ತಿತ್ತು. ಗಿರಾಕಿಗಳಿಗೂ ಇದು ಹಿಡಿಸಿತು. ಜಾಳಿಗೆಗೆಂದು ಬಂದವಳಿಗೆ ಪಕ್ಕದ ಇಕ್ಕಳ ಕಂಡು, ಮನೆಯದು ಮುರಿದದ್ದು ನೆನಪಾಗುತ್ತಿತ್ತು. ಹೆಸರು ಸಿಗದೆ ಸುಮಂಗಲಾ ನಿಂತಾಗ ಹಳೆಯ ಗಿರಾಕಿಗಳು ಕಾಯುವುದನ್ನು ಕಲಿತರು. ಒಬ್ಬಿಬ್ಬರು ಬೇಸತ್ತು ಬೇರೆ ಅಂಗಡಿಗೆ ಹೋದದ್ದೂ ಉಂಟು. ಅಂಥ ದಿನ ಅವಳು ಸಪ್ಪಗಿರುತ್ತಿದ್ದಳು, ಆದರೆ ಅಂಗಡಿ ಮುಚ್ಚಲಿಲ್ಲ.

ದೀಪಾವಳಿಗೆ ಮುಂಚೆ ಹೊಸದಾಗಿ ಮದುವೆಯಾಗಿದ್ದ ರೋಹಿತ ಹೆಂಡತಿ ರೇಣುವನ್ನು ಕರೆದುಕೊಂಡು ಸಂಸಾರದ ಪಾತ್ರೆ ಕೊಳ್ಳಲು ಬಂದ. ಸುಮಂಗಲಾ, ರೋಹಿತ ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲು. ಸುಮಂಗಲಾ ಹಲಗೆಯಿಂದ ಹಲಗೆಗೆ ಹೋಗಿ ರೇಣುವಿಗೆ ಬೇಕಾದ್ದನ್ನು ತೆಗೆದುಕೊಟ್ಟಳು. ಪಕ್ಕದ ಅಂಗಡಿಯವರು ಮಾತಿನ ನಡುವೆ ಅವಳ ಕಾಯಿಲೆಯ ಕಥೆಯನ್ನು ಎತ್ತಿದಾಗ ರೋಹಿತ ಕೈಯಲ್ಲಿದ್ದ ತಾಟನ್ನು ಕೆಳಗಿಟ್ಟ.

“ನಂಗ ಗೊತ್ತೇ ಇರಲಿಲ್ಲರಿ ಅಕ್ಕಾರ. ನೀವು ಮೊದಲಿಂದನೂ ಹಿಂಗ ಸಾವಕಾಶ ಮಾತಾಡವ್ರು ಅಂತ ತಿಳಕೊಂಡಿದ್ದೆ.”

ಸುಮಂಗಲಾ ಅವನನ್ನೇ ನೋಡಿದಳು. ಅವಳ ಮುಖದಲ್ಲಿ ಅಂಥ ಹಿಗ್ಗನ್ನು, ರಜೆಯೆಂದು ಅಂಗಡಿಯಲ್ಲೇ ಇದ್ದ ಶಿವಪ್ರಕಾಶ ಬಹಳ ದಿನಗಳಿಂದ ಕಂಡಿರಲಿಲ್ಲ. ರೇಣುವಿಗೆ ಒಂದು ಹಿತ್ತಾಳೆಯ ತಂಬಿಗೆಯನ್ನು ಉಡುಗೊರೆಯಾಗಿ ಕೊಟ್ಟು, ಅದನ್ನು ಹುಣಸೆಹಣ್ಣಿನಿಂದ ತಿಕ್ಕಬೇಕು ಎಂದು ತಡೆತಡೆದು, ಆದರೆ ಯಾರ ಸಹಾಯವೂ ಇಲ್ಲದೆ ಹೇಳಿ ಮುಗಿಸಿದಳು.

ಅವಳ ಹಿಂದಿ ಇನ್ನೂ ಪೂರ್ತಿ ಮರಳಿಲ್ಲ. ದಂಡಿನ ಮನೆಯವರು ಬಂದರೆ ಕೈಸನ್ನೆ, ಮರಾಠಿ, ನಗು ಎಲ್ಲ ಸೇರಿಸಿ ವ್ಯಾಪಾರ ಮಾಡುತ್ತಾಳೆ. ಶಿವಪ್ರಕಾಶ ಸ್ವಯಂ ನಿವೃತ್ತಿ ಪಡೆದು ಈಗ ಅವಳ ಜೊತೆ ಅಂಗಡಿಯಲ್ಲೇ ಕೂರುತ್ತಾನೆ. ಅವಳಿಗೆ ಮಾತು ಸಿಗದ ಗಳಿಗೆಯಲ್ಲಿ ಗಿರಾಕಿಗಳನ್ನು ಮಾತಾಡಿಸುವ ಕೆಲಸ ಅವನದು, ಅದನ್ನು ಅವನು ಕಲಿಯುತ್ತಿದ್ದಾನೆ. ಕಳೆದ ವಾರ ಸಗಟು ವ್ಯಾಪಾರಿ ತಳ ತೆಳುವಾದ ಡಬರಿಗಳನ್ನು ಕಳಿಸಿದಾಗ ಫೋನು ಮಾಡಿದ್ದು ಸುಮಂಗಲಾ. ಆ ಕಡೆಯವನು ನಡುವೆ ಬಾಯಿ ಹಾಕುತ್ತಲೇ ಇದ್ದ. ಅವಳು ತಾಳಿಕೊಂಡು, ಅವನು ಸುಮ್ಮನಾದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಿ, ಮಾಲು ವಾಪಸು ತೆಗೆದುಕೊಂಡು ಹೋಗಲು ಟೆಂಪೋ ಕಳಿಸುವಂತೆ ಒಪ್ಪಿಸಿಯೇ ಫೋನು ಇಟ್ಟಳು.